ಹೆಣ್ಣಿಲ್ಲದ ಮನೆಯಲ್ಲಿ ಕಲಿತದ್ದು

ಗಂಡುಹುಡುಗರನ್ನು ಗಂಡುಹುಡುಗರ ಜೊತೆಗೇ ಬಿಟ್ಟು ಓದಿಸಿದರೆ ಒರಟರಾಗುತ್ತಾರೆ, ಹೆಣ್ಣಿನ ಕಷ್ಟ ತಿಳಿಯದ ಕಲ್ಲುಗಳಾಗುತ್ತಾರೆ ಎಂದು ನನಗೆ ಎಷ್ಟೋ ಜನ ಹೇಳಿದ್ದಾರೆ. ಹೇಳಿದವರಲ್ಲಿ ಓದಿದವರಿದ್ದಾರೆ, ನಾನು ಗೌರವಿಸುವವರಿದ್ದಾರೆ, ನನ್ನ ಸ್ವಂತ ಮಗಳೂ ಇದ್ದಾಳೆ. ಯಾರು ಹೇಳಿದರೂ ನಾನು ಒಪ್ಪಿಲ್ಲ, ಇನ್ನು ಈ ವಯಸ್ಸಿನಲ್ಲಿ ಒಪ್ಪುವವನೂ ಅಲ್ಲ. ನಾನು ಕಲ್ಲಾಗಿದ್ದದ್ದು ಮೂವರು ಹೆಂಗಸರಿದ್ದ ಮನೆಯಲ್ಲಿ. ಆ ಕಲ್ಲನ್ನು ಮನುಷ್ಯನನ್ನಾಗಿ ಮಾಡಿದ್ದು ಒಬ್ಬ ಹೆಂಗಸೂ ಇಲ್ಲದ ಒಂದು ಬೋರ್ಡಿಂಗ್ ಶಾಲೆ. ಕೇಳಿ ನಗುವವರು ನಗಲಿ. ಮೊದಲು ನಮ್ಮ ಮನೆ ಹೇಗಿತ್ತೆಂದು ಹೇಳುತ್ತೇನೆ, ವಾದ ಆಮೇಲೆ.

ಕಂಪ್ಲಿಯಲ್ಲಿ ಕೋಟೆಯ ಕಡೆಗೆ ಹೋಗುವ ಓಣಿಯಲ್ಲಿ ನಮ್ಮ ಮನೆ. ಮಣ್ಣಿನ ಮಾಳಿಗೆ, ಮೊಳ ಅಗಲದ ಗೋಡೆ. ಮುಂದೆ ಪಡಸಾಲೆ, ಅದು ಗಂಡಸರದು. ಅದರ ಹಿಂದೆ ನಡುಮನೆ, ಅಲ್ಲಿ ಭತ್ತದ ಚೀಲ, ದೇವರ ಗೂಡು, ಹೆರಿಗೆಗೂ ಕಾಯಿಲೆಗೂ ಒಂದೇ ಮೂಲೆ. ಅದರಾಚೆ ಅಡುಗೆಮನೆ. ಅಂಗೈ ಅಗಲದ ಒಂದು ಬೆಳಕಿಂಡಿ ಬಿಟ್ಟರೆ ಹೊಗೆ ಹೋಗಲು ದಾರಿಯಿಲ್ಲ. ನಮ್ಮ ಅಪ್ಪನಿಗೆ ಕಾಲುವೆ ಕೆಳಗೆ ಗದ್ದೆ, ಒಂದಿಷ್ಟು ಕಬ್ಬು. ನಸುಕಿನಲ್ಲಿ ಹೋದರೆ ಊಟಕ್ಕೇ ಬರುವುದು. ಅವರು ಅಡುಗೆಮನೆಯ ಹೊಸ್ತಿಲು ದಾಟಿದ್ದನ್ನು ನಾನು ಸಣ್ಣವನಿದ್ದಾಗ ಒಮ್ಮೆಯೂ ನೋಡಿಲ್ಲ. ದಾಟುವ ಪ್ರಸಂಗವೇ ಬರುತ್ತಿರಲಿಲ್ಲ. ಪಡಸಾಲೆಯಲ್ಲಿ ಕೂತು ಕೂಗಿದರೆ ಬೇಕಾದ್ದು ಬರುತ್ತಿತ್ತು. ತರುವವರು ಮೂವರು: ಅಪ್ಪನ ತಾಯಿ ದೊಡ್ಡವ್ವ, ನನ್ನ ಅವ್ವ, ನನಗಿಂತ ಮೂರು ವರ್ಷಕ್ಕೆ ದೊಡ್ಡವಳಾದ ಅಕ್ಕ ಹಂಪಮ್ಮ. ಉಣ್ಣುವ ಕ್ರಮವೂ ಹಾಗೆಯೇ. ಅಪ್ಪ ಮತ್ತು ನಾನು ಮೊದಲು, ಹೆಂಚಿನಿಂದ ಇಳಿದ ರೊಟ್ಟಿ ಉಬ್ಬು ಇಳಿಯುವ ಮುಂಚೆ ನಮ್ಮ ತಾಟಿಗೆ ಬೀಳಬೇಕು. ಆಮೇಲೆ ದೊಡ್ಡವ್ವ. ಆಮೇಲೆ ಅಕ್ಕ. ಅವ್ವ ಯಾವಾಗ ಉಣ್ಣುತ್ತಿದ್ದಳು, ಏನು ಉಣ್ಣುತ್ತಿದ್ದಳು ಎಂದು ನನ್ನನ್ನು ಆಗ ಕೇಳಿದ್ದರೆ ನನಗೆ ಉತ್ತರ ಗೊತ್ತಿರುತ್ತಿರಲಿಲ್ಲ. ಕೇಳಬೇಕೆಂಬ ಯೋಚನೆಯೂ ಇರಲಿಲ್ಲ. ಬೆಳಿಗ್ಗೆ ಲಿಂಗಪೂಜೆಗೆ ಕೂತರೆ ವಿಭೂತಿ, ಹೂವು, ಪತ್ರೆ, ನೀರು ಎಲ್ಲ ನನ್ನ ಮಣೆಯ ಮುಂದೆ ಸಿದ್ಧವಿರುತ್ತಿತ್ತು. ಅವ್ವನೂ ಲಿಂಗ ಕಟ್ಟಿದವಳೇ. ಅವಳ ಪೂಜೆ ಒಲೆಯ ಮುಂದೆ, ಎಸರು ಕುದಿಯುವಷ್ಟರಲ್ಲಿ ಮುಗಿಯುತ್ತಿತ್ತು.

ನನಗೆ ಒಂಬತ್ತು ತುಂಬಿದ ವರ್ಷದ ಒಂದು ಮಧ್ಯಾಹ್ನ. ಹೊಸಪೇಟೆಯಿಂದ ರುದ್ರಯ್ಯ ಮಾಸ್ತರು ಎಂಬವರು ನಮ್ಮ ಮನೆಗೆ ಬಂದಿದ್ದರು. ಅಲ್ಲಿ ಹಳ್ಳಿಯ ಹುಡುಗರಿಗಾಗಿ ಒಂದು ಬೋರ್ಡಿಂಗ್ ಶಾಲೆ ನಡೆಸುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಊರೂರು ತಿರುಗಿ ಭತ್ತ, ಜೋಳ, ಹುಡುಗರು ಮೂರನ್ನೂ ಕೇಳಿ ಒಯ್ಯುತ್ತಿದ್ದರು. ಅವರೂ ಅಪ್ಪನೂ ಮಾತಾಡುತ್ತಿದ್ದಾಗ ನನಗೆ ಬಾಯಾರಿತು. ನೀರಿನ ಹಂಡೆ ನನ್ನಿಂದ ನಾಲ್ಕು ಹೆಜ್ಜೆ. ನಾನು ಕೂತಲ್ಲಿಂದಲೇ ಕೂಗಿದೆ. ಅವ್ವ ಹಿತ್ತಿಲಲ್ಲಿ ದನದ ಕೆಲಸದಲ್ಲಿದ್ದಳು, ಅಕ್ಕ ಬೀಸುತ್ತಿದ್ದಳು. ಅಕ್ಕ ಹಿಟ್ಟಿನ ಕೈ ಒರೆಸಿಕೊಂಡು ತಂಬಿಗೆ ತರುವಷ್ಟರಲ್ಲಿ ತಡವಾಯಿತೆಂದು ನಾನು ತಂಬಿಗೆಯನ್ನು ಕಾಲಿನಿಂದ ಒದ್ದೆ. ನೀರು ಅಕ್ಕನ ಸೀರೆಯ ಮೇಲೆ ಚೆಲ್ಲಿತು. ಅವಳು ಮತ್ತೆ ನೀರು ತರಲು ಹೋದಳು. ದೊಡ್ಡವ್ವ ನಕ್ಕು, ನನ್ನ ಗಲ್ಲ ಮುಟ್ಟಿ, ದೃಷ್ಟಿಯಾಗದಿರಲೆಂದು ಲಟಿಗೆ ಮುರಿದಳು.

"ಗಂಡಸು ನೋಡು ನನ್ನ ಮೊಮ್ಮಗ. ತಾತನ ಸಿಟ್ಟೇ ಬಂದೈತಿ."

ರುದ್ರಯ್ಯ ಮಾಸ್ತರು ನನ್ನನ್ನು ಬಹಳ ಹೊತ್ತು ನೋಡಿದರು. ಬಯ್ಯಲಿಲ್ಲ. ಅಪ್ಪನ ಕಡೆ ತಿರುಗಿ ಮೆಲ್ಲಗೆ ಕೇಳಿದರು.

"ಈ ಹುಡುಗನ್ನ ನನಗ ಕೊಡ್ರಿ. ಇಂಗ್ಲೀಷೂ ಕಲೀತಾನ, ಲೆಕ್ಕಾನೂ ಕಲೀತಾನ. ಅದರ ಕೂಡ ಇನ್ನೊಂದು ಕಲೀಬೇಕಾಗೈತಿ ಇವ."

ಇನ್ನೊಂದು ಏನೆಂದು ಅಪ್ಪ ಕೇಳಲಿಲ್ಲ. ಮಗ ಓದಿ ಮದರಾಸು ಸರ್ಕಾರದ ಕಚೇರಿಯಲ್ಲಿ ಕುರ್ಚಿಯ ಮೇಲೆ ಕೂರಬೇಕೆಂಬ ಆಸೆ ಅವರಿಗಿತ್ತು. ಒಪ್ಪಿದರು. ಅತ್ತವಳು ದೊಡ್ಡವ್ವ. ಅವಳ ಚಿಂತೆ ನನ್ನ ಓದಿನದಲ್ಲ.

"ಅಲ್ಲೋ, ಅಲ್ಲಿ ಒಂದು ಹೆಣ್ಣುಜೀವಾನೂ ಇಲ್ಲಂತಲ್ಲ. ಕೂಸಿಗೆ ಯಾರು ನೀಡ್ತಾರ, ಯಾರು ತಾಟು ತೆಗೀತಾರ?"

ಬೋರ್ಡಿಂಗ್ ಇದ್ದದ್ದು ಹೊಸಪೇಟೆಯ ಅಂಚಿನಲ್ಲಿ, ಕಾಲುವೆಯ ದಂಡೆಗೆ, ಸುತ್ತ ಬಾಳೆಯ ತೋಟ. ಕಲ್ಲಿನ ಉದ್ದನೆಯ ಒಂದು ಹಾಲು, ಹಿಂದೆ ತಗಡಿನ ಅಡುಗೆಮನೆ. ದಂಡೆಯ ಮೇಲೆ ನಿಂತರೆ ದಕ್ಷಿಣಕ್ಕೆ ಸಂಡೂರಿನ ಕೆಂಪು ಗುಡ್ಡಗಳ ಸಾಲು ಕಾಣುತ್ತಿತ್ತು. ಇಪ್ಪತ್ತಕ್ಕೂ ಮಿಕ್ಕಿ ಹುಡುಗರು. ಮೊದಲ ದಿನ ಊಟಕ್ಕೆ ಸಾಲಾಗಿ ಕೂತೆವು. ಅರ್ಧ ರೊಟ್ಟಿ ತಿಂದು ನಾನು ಅಭ್ಯಾಸದಂತೆ "ನೀರು" ಎಂದು ಕೂಗಿದೆ. ಯಾರೂ ಏಳಲಿಲ್ಲ. ಮತ್ತೆ ಕೂಗಿದೆ. ಸಾಲಿನ ಆ ತುದಿಯಿಂದ ಈ ತುದಿಯವರೆಗೆ ನಗು ಹರಿಯಿತು. ನನ್ನ ಪಕ್ಕದಲ್ಲಿ ಗಾದಿಗನೂರಿನ ಗಾದಿಲಿಂಗ ಎಂಬ ಹುಡುಗ ಕೂತಿದ್ದ, ನನ್ನದೇ ವಯಸ್ಸು, ಮುಂದಿನ ಹಲ್ಲು ಒಂದು ಮುರಿದಿತ್ತು.

"ಯಾರನ್ನ ಕರೀತಿಯಲೇ?" ಅಂದ. "ಇಲ್ಲಿ ನಿಮ್ಮವ್ವ ಇಲ್ಲ, ನಮ್ಮವ್ವಾನೂ ಇಲ್ಲ. ಕೊಡ ಅಲ್ಲೈತಿ, ಕಾಲು ನಿನ್ನ ಹಂತ್ಯಾಕ ಅದಾವ."

ಸಿಟ್ಟಿನಿಂದ ನಾನು ಏಳಲಿಲ್ಲ. ನೀರಿಲ್ಲದೆ ರೊಟ್ಟಿ ಗಂಟಲಲ್ಲಿ ಸಿಕ್ಕಿತು. ಉಳಿದ ರೊಟ್ಟಿಯನ್ನು ಗಾದಿಲಿಂಗ ತಿಂದ. ಸಂಜೆ ಮಾಸ್ತರು ನನ್ನನ್ನು ಕರೆದು ಪಕ್ಕಕ್ಕೆ ಕೂರಿಸಿಕೊಂಡರು. ಅವರು ಹೇಳಿದ ಮಾತು ಅಂದಿನಿಂದ ನನ್ನ ಜೊತೆಗಿದೆ.

"ನೋಡು ಪಂಪಣ್ಣ, ಇಲ್ಲಿ ಗಂಡಸರ ಕೆಲಸ, ಹೆಂಗಸರ ಕೆಲಸ ಅಂತ ಎರಡಿಲ್ಲ. ಹೊಟ್ಟಿ ಹಸೀತೈತಿ, ನೆಲ ಹೊಲಸಾಗತೈತಿ, ಅರಬಿ ಹರೀತಾವ. ಯಾರದು ಅವರು ನೋಡ್ಕೋಬೇಕು. ನಿಮ್ಮವ್ವನ ಕೊರಳಾಗೂ ಲಿಂಗ ಐತಿ, ನಿನ್ನ ಕೊರಳಾಗೂ ಐತಿ. ಲಿಂಗಕ್ಕ ಲಿಂಗ ಚಾಕರಿ ಮಾಡಬೇಕು ಅಂತ ಯಾರು ಹೇಳ್ಯಾರ?"

ಮರುದಿನ ನನ್ನ ಪಾಳಿಗೆ ಕಸಬರಿಗೆ ಬಂತು. ಅದನ್ನು ಹಿಡಿಯುವುದೇ ಗೊತ್ತಿರಲಿಲ್ಲ. ಧೂಳನ್ನು ಮುಂದೆ ತಳ್ಳುವ ಬದಲು ನನ್ನ ಮೈಮೇಲೇ ಎಳೆದುಕೊಂಡೆ. ವಾರಕ್ಕೆ ರೊಟ್ಟಿಯ ಪಾಳಿ ಬಂತು. ಜೋಳದ ರೊಟ್ಟಿ ಕಲಿಯುವುದು ಲೆಕ್ಕ ಕಲಿಯುವುದಕ್ಕಿಂತ ಕಷ್ಟ. ನೀರು ಎಷ್ಟು ಕಾದಿರಬೇಕು, ಹಿಟ್ಟು ಎಷ್ಟು ನಾದಬೇಕು ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. ಕಡಿಮೆ ನಾದಿದರೆ ಅಂಚು ಬಿರಿಯುತ್ತದೆ. ಹೆಚ್ಚು ಒತ್ತಿದರೆ ಮಣೆಗೆ ಅಂಟುತ್ತದೆ. ಬಡಿದದ್ದನ್ನು ಎರಡು ಅಂಗೈ ಮೇಲೆ ಎತ್ತಿ ಹೆಂಚಿಗೆ ಹಾಕುವಾಗ ಉಸಿರು ಬಿಟ್ಟರೂ ಹರಿಯುತ್ತದೆ. ನನಗೆ ಕಲಿಸಿದವನು ಗಾದಿಲಿಂಗ. ತನ್ನ ಕೈಯನ್ನು ನನ್ನ ಕೈ ಮೇಲಿಟ್ಟು ತಿರುಗಿಸುತ್ತಾ ರೊಟ್ಟಿ ಬಡಿಯಿಸುತ್ತಿದ್ದ. ನನ್ನ ಮೊದಲ ರೊಟ್ಟಿಗಳನ್ನು ನೋಡಿ ಹುಡುಗರು ಇದು ಹಿಂದೂಸ್ತಾನದ ನಕಾಶೆ, ಇದು ಸಿಂಹಳ ಎಂದು ಹೆಸರಿಟ್ಟು ತಿಂದರು. ಆದರೆ ತಿಂದರು. ಮೂರು ತಿಂಗಳಲ್ಲಿ ನನ್ನ ರೊಟ್ಟಿ ಹೆಂಚಿನ ಮೇಲೆ ಉಬ್ಬತೊಡಗಿತು. ಮೊದಲ ಸಲ ಉಬ್ಬಿದ್ದನ್ನು ನೋಡಿ ನನಗಾದ ಸಂತೋಷ ಮುಂದೆ ಪರೀಕ್ಷೆ ಪಾಸಾದಾಗಲೂ ಆಗಲಿಲ್ಲ.

ಆ ಮನೆಯಲ್ಲಿ ನಾವು ಬರೀ ಅಡುಗೆ ಕಲಿತೆವು ಎಂದುಕೊಳ್ಳಬೇಡಿ. ಸೋಮವಾರ ಬಾಗಿಲ ಮುಂದೆ ಸಾರಿಸಿ ರಂಗೋಲಿ ಹಾಕುತ್ತಿದ್ದೆವು. ಎಮ್ಮೆ ಕಾಯ್ದು ಬೆಳೆದ ಗಾದಿಲಿಂಗನ ಬೆರಳಿನಿಂದ ಬಳ್ಳಿಯಂಥ ಎಳೆ ಇಳಿಯುತ್ತಿತ್ತು. ಕಾಲುವೆಗೆ ಹೋಗುವ ಹೆಂಗಸರು ನಿಂತು ನೋಡಿ, ಒಳಗೆ ಯಾರೋ ಹೆಣ್ಣುಮಗಳು ಬಂದಿದ್ದಾಳೆ ಅಂದುಕೊಂಡು ಹೋಗುತ್ತಿದ್ದರು. ತರಗತಿಯಲ್ಲಿ ಪದ್ಯವನ್ನು ರಾಗವಾಗಿ ಹಾಡು ಎಂದರೆ ಯಾವ ಹುಡುಗನೂ ನಾಚುತ್ತಿರಲಿಲ್ಲ. ನಾಚಿಕೆಯಾಗಲು ಕೇಳುವ ಹುಡುಗಿಯರು ಬೇಕಲ್ಲ. ಹರಿದ ಅಂಗಿಗೆ ತೇಪೆ ಹಾಕುತ್ತಿದ್ದೆವು. ತಿಂಗಳಿಗೊಮ್ಮೆ ರೊಟ್ಟಿಯ ಗಂಟು ಕಟ್ಟಿಕೊಂಡು ಹಂಪಿಗೆ ನಡೆದು ಹೋಗಿ, ಹೊಳೆಯಲ್ಲಿ ಬಟ್ಟೆ ಒಗೆದು, ಬಂಡೆಗಳ ಮೇಲೆ ಹರವಿ, ಒಣಗುವವರೆಗೆ ಈಜುತ್ತಿದ್ದೆವು.

ಎರಡನೆಯ ವರ್ಷ ಗಾದಿಲಿಂಗನ ತಾಯಿ ತೀರಿಕೊಂಡಳು. ಸುದ್ದಿ ತಂದ ಅವನ ಸೋದರಮಾವ ಅಂಗಳದಲ್ಲೇ ನಿಂತು, ಎಲ್ಲರೆದುರಿಗೆ ಹೇಳಿಬಿಟ್ಟ. ಮಣ್ಣು ಆಗಿ ಎರಡು ದಿನ ಆಗಿತ್ತು. ಗಾದಿಲಿಂಗ ನಿಂತಲ್ಲೇ ಕುಸಿದು ಕೂತು ಅತ್ತ. ಸೋದರಮಾವ ಅವನ ಭುಜ ಅಲುಗಾಡಿಸಿ, ಗಂಡಸಾಗಿ ಹೆಂಗಸರಂಗ ಅಳ್ತಾರೇನಲೇ ಅಂದ. ಮಾಸ್ತರು ಆ ಮನುಷ್ಯನ ಕೈಯನ್ನು ಹುಡುಗನ ಭುಜದಿಂದ ಮೆಲ್ಲಗೆ ತೆಗೆದರು.

"ಇಲ್ಲಿ ಹೆಂಗಸರು ಇಲ್ರಿ. ಅದಕ್ಕ ಅವನೇ ಅಳಬೇಕು."

ಆಮೇಲೆ ನಡೆದದ್ದನ್ನು ನಾನು ಯಾವ ಶಾಲೆಯಲ್ಲೂ ಮತ್ತೆ ನೋಡಲಿಲ್ಲ. ಹುಡುಗರು ಒಬ್ಬೊಬ್ಬರಾಗಿ ಬಂದು ಅವನ ಸುತ್ತ ಕೂತರು. ಒಬ್ಬ ತಲೆ ಹಿಡಿದುಕೊಂಡ, ಒಬ್ಬ ಬೆನ್ನು ಸವರಿದ. ನಾನು ಅವನ ಅಂಗಾಲು ತಿಕ್ಕುತ್ತಾ ಕೂತೆ. ಅವನು ಅತ್ತಷ್ಟು ಹೊತ್ತು ನಾವೂ ಅತ್ತೆವು. ಮನೆಯಲ್ಲಿ ಯಾರಾದರೂ ಸತ್ತರೆ ಅಳುವ ಕೆಲಸವನ್ನೂ ನಾವು ಹೆಂಗಸರಿಗೇ ಬಿಟ್ಟು ಪಡಸಾಲೆಯಲ್ಲಿ ಬಾಯಿ ಮುಚ್ಚಿ ಕೂರುತ್ತಿದ್ದೆವು ಎಂದು ನನಗೆ ಹೊಳೆದದ್ದು ಆವತ್ತು.

ಅಲ್ಲಿ ಎಲ್ಲರೂ ಶರಣರೇ ಇದ್ದರೆಂದು ಸುಳ್ಳು ಹೇಳುವುದಿಲ್ಲ. ಕಜ್ಜಿ ಇತ್ತು, ಹೇನಿದ್ದವು, ಹೊಡೆದಾಟವಿತ್ತು. ದೊಡ್ಡ ಹುಡುಗನೊಬ್ಬ ಸಣ್ಣವರ ಕೈಯಿಂದ ಕಾಲು ಒತ್ತಿಸಿಕೊಂಡು ಮಾಸ್ತರ ಕೈಗೆ ಸಿಕ್ಕಿಬಿದ್ದು, ಒಂದು ತಿಂಗಳು ನಮ್ಮೆಲ್ಲರ ಪಾತ್ರೆ ತೊಳೆದ. ಆದರೂ ನನ್ನ ಮಾತು ಬದಲಾಗುವುದಿಲ್ಲ. ಮುಂದೆ ನಾನೂ ಮಾಸ್ತರನಾದೆ. ಹುಡುಗ ಹುಡುಗಿಯರು ಕೂಡಿ ಓದುವ ಶಾಲೆಗಳಲ್ಲೇ ನನ್ನ ಸರ್ವೀಸು ಕಳೆಯಿತು. ಅಲ್ಲಿ ಏನು ಕಂಡೆ? ನೆಲ ಗುಡಿಸಬೇಕೆಂದರೆ ಹುಡುಗಿಯರನ್ನು ಕರೆಯುತ್ತಾರೆ, ಬೆಂಚು ಎತ್ತಬೇಕೆಂದರೆ ಹುಡುಗರನ್ನು. ಇನ್‌ಸ್ಪೆಕ್ಟರು ಬಂದರೆ ಚಹಾದ ತಟ್ಟೆ ಹುಡುಗಿಯ ಕೈಗೆ, ಭಾಷಣದ ಕಾಗದ ಹುಡುಗನ ಕೈಗೆ. ಯಾರೂ ನಿಯಮ ಮಾಡಿದ್ದಲ್ಲ, ತಾನಾಗಿ ಆಗುತ್ತಿತ್ತು. ನಾನು ಹುಡುಗರ ಕೈಗೆ ಕಸಬರಿಗೆ ಕೊಟ್ಟಾಗ ಪಾಲಕರು ದೂರು ತಂದರು. ಜೊತೆಗೆ ಕೂರಿಸಿದ ಮಾತ್ರಕ್ಕೆ ಗೌರವ ಬರುವುದಾದರೆ, ಹೆಂಗಸರ ನಡುವೆಯೇ ಹುಟ್ಟಿ ಬೆಳೆದ ಪ್ರತಿ ಗಂಡಸಿಗೂ ಅದು ಬಂದಿರಬೇಕಿತ್ತು. ನನಗೆ ಬಂದಿರಲಿಲ್ಲ. ನನಗೆ ಅದು ಬಂದದ್ದು, ನನ್ನ ಕೆಲಸವನ್ನು ದಾಟಿಸಲು ಪಕ್ಕದಲ್ಲಿ ಒಂದು ಹೆಣ್ಣು ಇಲ್ಲದೆ ಹೋದಾಗ.

ಇದನ್ನು ನಾನು ಬರೀ ಬಾಯಿಮಾತಿಗೆ ಹೇಳುತ್ತಿಲ್ಲ. ನನಗೆ ಹದಿಮೂರಾದ ವರ್ಷ ಬೇಸಿಗೆ ರಜೆಗೆ ಕಂಪ್ಲಿಗೆ ಬಂದೆ. ಬಂದಾಗ ನಡುಮನೆಯ ಮೂಲೆಯಲ್ಲಿ ಅವ್ವ ಮಲಗಿದ್ದಳು. ಎರಡು ವಾರದ ಹಿಂದೆ ಹೆರಿಗೆಯಾಗಿತ್ತು. ಕೂಸು ಉಳಿದಿರಲಿಲ್ಲ. ಅವಳಿಗೆ ಜ್ವರ ಬಿಟ್ಟಿರಲಿಲ್ಲ. ಔಷಧ ಕೊಡುತ್ತಿದ್ದ ಪಂಡಿತರು, ಹಾಸಿಗೆ ಬಿಟ್ಟು ಎದ್ದು ಒಲೆಯ ಮುಂದೆ ಕೂತರೆ ಈ ಹೆಣ್ಣುಮಗಳು ಕೈಗೆ ಸಿಗುವುದಿಲ್ಲ ಎಂದು ದೊಡ್ಡವ್ವನಿಗೆ ಕಟ್ಟುನಿಟ್ಟಾಗಿ ಹೇಳಿ ಹೋಗಿದ್ದರು. ದೊಡ್ಡವ್ವನ ಬೆರಳುಗಳು ವಾತದಿಂದ ಸೊಟ್ಟಗಾಗಿ ಮಡಚಲು ಬರುತ್ತಿರಲಿಲ್ಲ. ಇಡೀ ಮನೆ ಅಕ್ಕನ ಮೇಲೆ ಬಿದ್ದಿತ್ತು. ಬಂದ ದಿನವೇ ನಾನು ಅಂಗಿ ತೆಗೆದಿಟ್ಟು ಅಡುಗೆಮನೆಗೆ ಹೋದೆ. ಅಕ್ಕ ಮೊದಲು ತಡೆದಳು, ಆಮೇಲೆ ನನ್ನ ಕೈಯಲ್ಲಿ ಹಿಟ್ಟು ತಿರುಗುವುದನ್ನು ನೋಡಿ ಬಾಯಿ ತೆರೆದು ನಿಂತಳು. ದೊಡ್ಡವ್ವ ಗೊಣಗಿದಳು.

"ಗಂಡುಮಗ ಒಲಿ ಮುಂದ ಕುಂತ್ರ ಮನಿಗೆ ದರಿದ್ರ ಬರ್ತೈತಿ."

"ಉಪವಾಸ ಕುಂತ್ರ ಬರಂಗಿಲ್ಲೇನು ದೊಡ್ಡವ್ವ?" ಅಂದೆ.

ಆದರೆ ಅವಳು ಅಪ್ಪನಿಗೆ ಹೇಳಲಿಲ್ಲ. ಅಪ್ಪ ಗದ್ದೆಯಿಂದ ಬರುವ ಹೊತ್ತಿಗೆ ನಾನು ಪಡಸಾಲೆಯಲ್ಲಿ ಪುಸ್ತಕ ಹಿಡಿದು ಕೂತಿರುತ್ತಿದ್ದೆ. ಆ ದಿನಗಳಲ್ಲೇ ಒಂದು ಹೊತ್ತು ನಾನು ಒಂದು ರೊಟ್ಟಿಯನ್ನು ಹೆಂಚಿನಿಂದ ತೆಗೆದು, ಪುಂಡಿಪಲ್ಲೆ ಹಾಕಿ, ಅವ್ವನ ಹಾಸಿಗೆಯ ಹತ್ತಿರ ಒಯ್ದೆ. ಅವಳು ಮುರಿಯಲು ಹೋಗಿ, ಬೆರಳು ಸುಟ್ಟು, ಕೈ ಹಿಂದಕ್ಕೆ ತೆಗೆದಳು. ಆಮೇಲೆ ಮೆಲ್ಲಗೆ ತಿಂದಳು. ಹದಿಮೂರು ವರ್ಷದಲ್ಲಿ ನನ್ನ ತಾಯಿ ಉಣ್ಣುವುದನ್ನು ನಾನು ಎದುರಿಗೆ ಕೂತು ನೋಡಿದ್ದು ಅದೇ ಮೊದಲು.

"ಬಿಸಿ ರೊಟ್ಟಿ ಮೆತ್ತಗಿರ್ತೈತಿ ಅಲ್ಲಪಾ," ಅಂದಳು. "ಮರತೇ ಬಿಟ್ಟಿದ್ದೆ."

ಹೀಗೆ ಐದಾರು ದಿನ ನಡೆದ ಮೇಲೆ ಎಮ್ಮಿಗನೂರಿನಿಂದ ಅಕ್ಕನನ್ನು ನೋಡಲು ಬರುವವರಿದ್ದಾರೆಂದು ಅಪ್ಪ ಹೇಳಿದರು. ಒಳ್ಳೆಯ ಮನೆತನ, ಕಾಲುವೆ ನೀರಿನ ಗದ್ದೆ, ಅಪ್ಪನಿಗೆ ಮನಸ್ಸಿತ್ತು. ಬೀಗರಾಗುವವರು ಬಂದ ದಿನ ಅಕ್ಕ ಇಳಕಲ್ ಸೀರೆ ಉಟ್ಟು ನಡುಮನೆಯಲ್ಲಿ ಕೂರಬೇಕು, ಒಲೆಯ ಹತ್ತಿರ ಸುಳಿಯುವಂತಿಲ್ಲ. ಪಕ್ಕದ ಮನೆಯವಳನ್ನು ಕರೆಯೋಣ ಎಂದು ದೊಡ್ಡವ್ವ ಅಂದದ್ದಕ್ಕೆ ಅಪ್ಪ ಒಪ್ಪಲಿಲ್ಲ. ಹೊರಗಿನವಳು ರೊಟ್ಟಿ ಬಡಿದರೆ ಊರಿಗೆಲ್ಲ ಸುದ್ದಿಯಾಗುತ್ತದೆ ಎಂಬ ಅಂಜಿಕೆ. ಹಾಸಿಗೆಯ ಹತ್ತಿರ ನಿಂತು ಅವ್ವನಿಗೆ ಅಂದರು.

"ಒಂದು ಹೊತ್ತು ತಡ್ಕೊಂಡು ಎದ್ದು ಮಾಡಿಬಿಡು. ಹೆಣ್ಣಿನ ಕೆಲಸ ಐತಿ."

ಅಪ್ಪ ಕೆಟ್ಟವರಲ್ಲ. ಅವ್ವನಿಗೆ ಕೇಡು ಬಯಸಿದವರೂ ಅಲ್ಲ. ಒಲೆ ಉರಿಸುವುದು, ಹಿಟ್ಟು ನಾದುವುದು ಎಂದರೆ ಮೈಯಿಂದ ಎಷ್ಟು ಕೇಳುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ, ಅಷ್ಟೆ. ಗೊತ್ತಾಗುವಂಥ ಶಾಲೆಗೆ ಅವರು ಹೋಗಿರಲಿಲ್ಲ. ಅವರು ಆಚೆ ಹೋದ ಮೇಲೆ ಅವ್ವ ಗೋಡೆ ಹಿಡಿದು ಎದ್ದು ಅಡುಗೆಮನೆಗೆ ಬಂದು, ಒಂದು ರೊಟ್ಟಿ ಬಡಿದು, ಎರಡನೆಯದಕ್ಕೆ ಹಿಟ್ಟು ತೆಗೆದುಕೊಳ್ಳುವಾಗ ಹಾಗೇ ಪಕ್ಕಕ್ಕೆ ವಾಲಿದಳು. ನಾನು ಹಿಡಿದುಕೊಳ್ಳದಿದ್ದರೆ ತಲೆ ಒಲೆಯ ಕಲ್ಲಿಗೆ ಬಡಿಯುತ್ತಿತ್ತು. ಅವಳನ್ನು ಹಾಸಿಗೆಗೆ ಒಯ್ದು ಮಲಗಿಸಿ, ಬಂದು, ಅವಳು ಬಿಟ್ಟಿದ್ದ ಹಿಟ್ಟಿನ ಮುದ್ದೆಯನ್ನು ಕೈಗೆತ್ತಿಕೊಂಡೆ.

ಬಂದವರು ಹುಡುಗನ ಅಪ್ಪ ಮತ್ತು ಅವರ ಕಡೆಯ ಮೂವರು. ದೊಡ್ಡವ್ವ ಬಗ್ಗಿ ಬಗ್ಗಿ ನೀಡಿದಳು. ನಾನು ಒಳಗಿನಿಂದ ರೊಟ್ಟಿ ದಾಟಿಸುತ್ತಿದ್ದೆ. ಹುಡುಗನ ಅಪ್ಪ ಮೂರನೆಯ ರೊಟ್ಟಿ ಮುರಿಯುತ್ತಾ ಹೇಳಿದ್ದು ನನಗೆ ಒಲೆಯ ಹತ್ತಿರ ಕೇಳಿಸಿತು.

"ರೊಟ್ಟಿ ಭಾಳ ಹಗುರ ಆಗ್ಯಾವ್ರಿ. ಹುಡುಗಿ ಕೈಯಾವೇನು?"

"ಹೌದ್ರಿ," ಅಂದರು ಅಪ್ಪ. "ಮನಿ ಅಡಿಗಿ ಎಲ್ಲಾ ಆಕೀದ."

ಆಗ ನಡುಮನೆಯಿಂದ ಅಕ್ಕನ ಧ್ವನಿ ಬಂತು. ಬೀಗರ ಮುಂದೆ ಹುಡುಗಿ ಕೇಳದೆ ಮಾತಾಡುವ ಪದ್ಧತಿಯೇ ಇರಲಿಲ್ಲ.

"ನನ್ನವಲ್ರಿ. ಅವ್ವಗ ಜ್ವರ ಐತಿ, ನನ್ನ ತಮ್ಮ ಮಾಡ್ಯಾನ."

ಬಂದವರಲ್ಲಿ ಒಬ್ಬ ನಕ್ಕ.

"ಹಂಗಾದ್ರ ತಮ್ಮನ್ನ ಕೊಡ್ರಿ ನಮ್ಮ ಮನಿಗೆ. ಸೀರಿ ಉಡಿಸಿ ಕರಕೊಂಡು ಹೋಗ್ತೀವಿ."

ಅಪ್ಪ ಊಟದಿಂದ ಎದ್ದರು. ಎಂಜಲ ಕೈಯಲ್ಲೇ ನಡುಮನೆ ದಾಟಿ ಅಡುಗೆಮನೆಯೊಳಗೆ ಬಂದರು. ಹೊಗೆಯಲ್ಲಿ ಅವರಿಗೆ ಕಣ್ಣು ಬಿಡಲಾಗಲಿಲ್ಲ. ನಾನು ಎಲ್ಲಿದ್ದೇನೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು.

"ಎದ್ದು ಹೊರಗ ಬಾ."

"ಹೆಂಚಿನ ಮ್ಯಾಲ ರೊಟ್ಟಿ ಐತ್ರಿ."

ಕೆನ್ನೆಗೆ ಬಿತ್ತು. ಕಿವಿ ಗುಂಯ್ ಎಂದಿತು. ಅಪ್ಪ ನನ್ನನ್ನು ಹೊಡೆದದ್ದು ಅದಕ್ಕೆ ಮೊದಲು ಇಲ್ಲ, ಆಮೇಲೂ ಇಲ್ಲ. ನಾನು ಹೆಂಚಿನ ಕಡೆ ತಿರುಗಿ ರೊಟ್ಟಿಯನ್ನು ಮಗುಚಿ ಹಾಕಿದೆ. ರೊಟ್ಟಿ ಹರಿಯಲಿಲ್ಲ. ಆಮೇಲೆ ಅವರ ಮುಖ ನೋಡಿ ಹೇಳಿದೆ.

"ಅವ್ವ ಎದ್ರ ಉಳಿಯಂಗಿಲ್ಲಂತ ಪಂಡಿತರು ಹೇಳ್ಯಾರ. ಎದ್ದಿದ್ಲು, ಇಲ್ಲೇ ಬಿದ್ಲು. ದೊಡ್ಡವ್ವನ ಬೆರಳು ಮಡಚಂಗಿಲ್ಲ. ಅಕ್ಕನ್ನ ನೀವು ಸೀರಿ ಉಡಿಸಿ ಕುಂದ್ರಿಸೀರಿ. ಉಳಿದವ್ರು ನೀವು, ನಾನು. ನಿಮಗ ಬರಂಗಿಲ್ಲ, ನನಗ ಬರ್ತೈತಿ. ಇದರಾಗ ತಪ್ಪು ಎಲ್ಲೈತಿ ಹೇಳ್ರಿ."

ಹೊಗೆಗೋ ಏನೋ, ಅಪ್ಪನ ಕಣ್ಣಲ್ಲಿ ನೀರಿತ್ತು. ತಿರುಗಿ ಹೊರಗೆ ಹೋದರು. ಬಂದವರು ಎಲೆ ಅಡಿಕೆ ಹಾಕಿಕೊಂಡು, ಹೇಳಿ ಕಳಿಸುತ್ತೇವೆ ಎಂದು ಗಾಡಿ ಹತ್ತಿದರು. ಹೇಳಿ ಕಳಿಸಲಿಲ್ಲ. ಸಂಬಂಧ ಮುರಿಯಿತೆಂದು ವಾರದೊಳಗೆ ಬೇರೆಯವರ ಬಾಯಿಂದ ತಿಳಿಯಿತು. ದೊಡ್ಡವ್ವ ಹಣೆ ಹಣೆ ಬಡಿದುಕೊಂಡಳು. ಓಣಿಯ ಹುಡುಗರು ನನ್ನನ್ನು ಕಂಡರೆ ಅಂಗೈಯಿಂದ ರೊಟ್ಟಿ ಬಡಿದು ತೋರಿಸುತ್ತಿದ್ದರು. ನಾನು ನಿಂತು, ಹಾಗಲ್ಲ ಹೀಗೆ ಎಂದು ಸರಿಯಾಗಿ ಬಡಿದು ತೋರಿಸಿ ಮುಂದೆ ಹೋಗುತ್ತಿದ್ದೆ. ಎರಡು ದಿನಕ್ಕೆ ಅವರಿಗೇ ಬೇಸರವಾಯಿತು. ಅಪ್ಪ ಮಾತ್ರ ನನ್ನ ಕೈ ರೊಟ್ಟಿ ಮುಟ್ಟಲಿಲ್ಲ. ಮಂಡಕ್ಕಿ, ಬಾಳೆಹಣ್ಣು ತಿಂದು ಗದ್ದೆಗೆ ಹೋಗುತ್ತಿದ್ದರು. ಮಾತೂ ನಿಂತಿತ್ತು.

ರಜೆ ಮುಗಿಯುವ ಹೊತ್ತಿಗೆ ಅವ್ವನ ಜ್ವರ ಇಳಿದಿತ್ತು, ಗೋಡೆ ಹಿಡಿದು ನಡೆಯುತ್ತಿದ್ದಳು. ಒಂದು ಬೆಳಿಗ್ಗೆ ಅಪ್ಪ ಪಡಸಾಲೆಯಲ್ಲಿ ಕೂತು, ಯಾರಿಗೆಂದು ಹೇಳದೆ ಗೋಡೆಗೆ ಹೇಳುವಂತೆ ಹೇಳಿದರು.

"ಇನ್ನ ಹೊಸಪೇಟಿ ಸಾಕು. ಆ ಶಾಲಿ ಮಗನ್ನ ಕೆಡಿಸೈತಿ. ನಾಳಿಂದ ಗದ್ದಿಗೆ ಬರಲಿ."

ನನ್ನ ಎದೆ ಒಡೆದುಹೋಯಿತು. ಮಾತಾಡಿದವಳು ಅವ್ವ. ನಡುಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅಪ್ಪನ ಮಾತಿಗೆ ಅವಳು ಎದುರು ಹೇಳಿದ್ದನ್ನು ಆ ಮನೆಯ ಗೋಡೆಗಳೂ ಕೇಳಿರಲಿಲ್ಲ. ಧ್ವನಿ ಏರಿಸದೆ, ಕೆಲಸದ ಮಾತು ಹೇಳುವಂತೆ ಹೇಳಿದಳು.

"ಅವನ್ನ ಕಳಸ್ರಿ."

"ನಿನಗೇನು ತಿಳೀತೈತಿ ಶಾಲಿದು?"

"ಶಾಲಿದು ತಿಳಿಯಂಗಿಲ್ಲ. ಒಲಿದು ತಿಳೀತೈತಿ. ಹದಿನೆಂಟು ವರ್ಷ ಈ ಮನ್ಯಾಗ ರೊಟ್ಟಿ ಬಡದೀನಿ. ನನ್ನ ಮುಂದ ತಾಟು ತಂದು ಇಟ್ಟಾವ ಇವನೊಬ್ಬನೇ. ನಾನು ಬದುಕಿದ್ದು ಅದರಿಂದ. ಆ ಶಾಲಿ ಕೆಟ್ಟದ್ದಂತ ನೀವು ಅಂದ್ರ ಅನ್ರಿ. ಇವನ್ನ ಕಳಸೂ ತನಕ ನಾನು ಮಾತ್ರ ಆ ಒಲಿ ಮುಂದ ಮತ್ತ ಕುಂದ್ರಂಗಿಲ್ಲ."

ಅಪ್ಪ ದೊಡ್ಡವ್ವನ ಕಡೆ ನೋಡಿದರು, ತಾಯಿಯಾದರೂ ತಮ್ಮ ಪರ ಮಾತಾಡಿಯಾಳೆಂದು. ದೊಡ್ಡವ್ವ ತನ್ನ ಸೊಟ್ಟ ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಅಂಗಳ ನೋಡುತ್ತಿದ್ದಳು. ಅವ್ವ ಹೇಳಿದಂತೆಯೇ ಮಾಡಿದಳು. ಮೈಯಲ್ಲಿ ಬಲ ಬಂದಿದ್ದರೂ ಆ ದಿನ, ಮರುದಿನ ಅಡುಗೆಮನೆಗೆ ಹೋಗಲಿಲ್ಲ. ನಾನೂ ಅಕ್ಕನೂ ಮಾಡಿದೆವು. ಎರಡನೆಯ ದಿನ ಮಧ್ಯಾಹ್ನ ಅಪ್ಪ ಗದ್ದೆಯಿಂದ ಬಂದು, ಕೈಕಾಲು ತೊಳೆದು, ತಾಟಿನ ಮುಂದೆ ಕೂತರು. ನಾನು ರೊಟ್ಟಿ ಹಾಕಿದೆ. ಸ್ವಲ್ಪ ಹೊತ್ತು ಅದನ್ನೇ ನೋಡಿ, ಮುರಿದು ತಿಂದರು. ಎದ್ದು ಹೋಗುವಾಗ, ಬೆಳಿಗ್ಗೆ ಗಾಡಿ ಕಟ್ಟಲು ಆಳಿಗೆ ಹೇಳಿದ್ದೇನೆ, ಪುಸ್ತಕ ಕಟ್ಟಿಕೋ ಎಂದರು.

ಆ ಸಂಜೆ, ಇನ್ನೂ ಬಿಸಿಲಿರುವಾಗ, ಹಿತ್ತಿಲಿನ ಬೇವಿನ ಕೆಳಗೆ ನಾನೂ ಅಕ್ಕನೂ ಅಕ್ಕಿ ಆರಿಸುತ್ತಾ ಕೂತಿದ್ದೆವು. ಸಂಬಂಧ ಮುರಿದದ್ದು ನನ್ನಿಂದ ಎಂಬ ಕೊರೆತ ನನಗಿತ್ತು. ಅವತ್ತು ಯಾಕೆ ಬಾಯಿಬಿಟ್ಟೆ, ಸುಮ್ಮನಿದ್ದಿದ್ದರೆ ಮದುವೆ ಆಗುತ್ತಿತ್ತಲ್ಲ ಎಂದು ಕೇಳಿದೆ.

"ನಿನ್ನ ರೊಟ್ಟಿ ತೋರಿಸಿ ನನ್ನ ಕೊಟ್ರ, ಅಲ್ಲಿ ಹೋಗಿ ಜೀವಮಾನ ನಿನ್ನಂಗ ಬಡೀಬೇಕಿತ್ತು," ಅಂದಳು ನಗುತ್ತಾ. "ನನ್ನವು ಅಷ್ಟು ಹಗುರ ಆಗಂಗಿಲ್ಲ."

ನನಗೆ ಹಗುರವಾಯಿತು. ಬೋರ್ಡಿಂಗಿನ ಕಥೆಗಳನ್ನೆಲ್ಲ ಹೇಳಿದೆ. ಗಾದಿಲಿಂಗನ ರಂಗೋಲಿ, ಹೊಳೆಯ ಈಜು, ನಾವೆಲ್ಲ ಕೂಡಿ ಅತ್ತದ್ದು. ಹೆಂಗಸರಿಲ್ಲದ್ದರಿಂದಲೇ ನಾವು ಇದನ್ನೆಲ್ಲ ಕಲಿತೆವು ಎಂದು ಹೆಮ್ಮೆಯಿಂದ ಹೇಳಿದೆ. ಅಕ್ಕ ಕಲ್ಲು ಆರಿಸಿ ಎಸೆಯುತ್ತಾ ಪೂರ್ತಿ ಕೇಳಿದಳು.

"ನಮಗೂ ಅಂಥಾದ್ದೊಂದು ಇರಬೇಕಿತ್ತು," ಅಂದಳು. "ಗಂಡಸ್ರು ಒಬ್ರೂ ಇಲ್ಲದ್ದು."

"ಇದ್ದಿದ್ರ ಏನು ಮಾಡ್ತಿದ್ದಿ?"

ಅವಳ ಕೈ ನಿಂತಿತು.

"ಗೊತ್ತಿಲ್ಲೋ. ಅದನ್ನ ನೋಡಬೇಕಿತ್ತು."

ನನ್ನ ವಾದವನ್ನು ಇಷ್ಟು ವರ್ಷ ಎಷ್ಟೋ ಜನರ ಮುಂದೆ ಬಿಟ್ಟುಕೊಡದೆ ನಿಂತಿದ್ದೇನೆ. ಅವಳೊಬ್ಬಳ ಮುಂದೆ ಮಾತ್ರ ಅದು ಅರ್ಧ ವಾದ. ಅಷ್ಟರಲ್ಲಿ ಪಡಸಾಲೆಯಿಂದ ಅಪ್ಪ ಕೂಗಿದರು. ಯಾವಾಗಲೂ ಅಕ್ಕನ ಹೆಸರು ಹಿಡಿದೇ ಕೂಗುತ್ತಿದ್ದವರು, ಆವತ್ತು ಹೆಸರು ಹಿಡಿಯಲಿಲ್ಲ.

"ಒಳಗ ಯಾರದೀರಿ?"

ನಾನು ಎದ್ದೆ. ಅಕ್ಕ ಕೂತೇ ಇದ್ದಳು.